‘ಎಕ್ಟೋ’ ಎಂದರೆ ಹೊರಗೆ ಸರಿ, ಆದರೆ ಯಾವುದರ ಹೊರಗೆ?

ದಾವಣಗೆರೆಯ ಶುಶ್ರೂಷಾ ಶಿಕ್ಷಕಿ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ನಾನು ಶುಶ್ರೂಷಾ ವಿದ್ಯಾರ್ಥಿಗಳಿಗೆ ಅಂಗರಚನೆಯನ್ನೂ ವೈದ್ಯಕೀಯ ಪದಗಳನ್ನೂ ಕಲಿಸುತ್ತೇನೆ. ನನ್ನ ತರಗತಿಯ ಹೆಚ್ಚಿನ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಾದ್ದರಿಂದ, ಉದ್ದುದ್ದ ಪದಗಳನ್ನು ಬಾಯಿಪಾಠ ಮಾಡಿಸುವ ಬದಲು ಅವನ್ನು ತುಂಡು ಮಾಡಿ, ಒಂದೊಂದು ತುಂಡಿಗೂ ಕನ್ನಡದ ಅರ್ಥ ಕೊಟ್ಟು, ಮತ್ತೆ ಜೋಡಿಸಿ ತೋರಿಸುವುದು ನನ್ನ ರೂಢಿ. ‘ಎಂಡೋ’ ಎಂದರೆ ಒಳಗೆ, ‘ಮೀಸೋ’ ಎಂದರೆ ನಡುವೆ, ‘ಎಕ್ಟೋ’ ಎಂದರೆ ಹೊರಗೆ ಎಂದು ಹಲಗೆಯ ಮೇಲೆ ಬರೆದು ಕೊಟ್ಟರೆ ಮಕ್ಕಳಿಗೆ ಅರ್ಧ ಭಯ ಅಲ್ಲಿಗೇ ಹೋಗುತ್ತದೆ.

ಈ ವರ್ಷ ಆ ರೂಢಿಯೇ ನನಗೆ ತೊಡಕು ತಂದಿತು. ಕಿರುಪರೀಕ್ಷೆಯಲ್ಲಿ ಎಕ್ಟೋಪಿಕ್ ಬಡಿತ ಎಂದರೇನು ಎಂಬ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿನಿ, ‘ಹೃದಯದ ಹೊರಗೆ ಉಂಟಾಗುವ ಬಡಿತ’ ಎಂದು ಬರೆದಳು. ನಾನು ಕಲಿಸಿದ ಸೂತ್ರವನ್ನೇ ಆಕೆ ಅನುಸರಿಸಿದ್ದಳು. ತಪ್ಪು ಗುರುತು ಹಾಕಲು ಹೊರಟ ನನ್ನ ಪೆನ್ನು ನಡುವೆಯೇ ನಿಂತಿತು.

ಎರಡನೆಯ ಸಂಗತಿ ಇದಕ್ಕಿಂತ ಗಂಭೀರವಾದದ್ದು. ನಮ್ಮ ಮಕ್ಕಳು ತರಬೇತಿಗೆ ಹೋಗುವ ಒಂದು ಹೆರಿಗೆ ವಾರ್ಡಿನಲ್ಲಿ, ಎಕ್ಟೋಪಿಕ್ ಗರ್ಭವೆಂದು (ನಿಲ್ಲಬೇಕಾದ ಜಾಗ ಬಿಟ್ಟು ಬೇರೆಡೆ, ಹೆಚ್ಚಾಗಿ ಅಂಡನಾಳದಲ್ಲಿ, ನಿಂತ ಗರ್ಭ) ಗೊತ್ತಾಗಿ ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿದ್ದ ಹೆಣ್ಣುಮಗಳೊಬ್ಬಳ ಅತ್ತೆಗೆ ನನ್ನ ವಿದ್ಯಾರ್ಥಿನಿ, ‘ಇದು ಹೊರಗಿನ ಬಸಿರು ಅಮ್ಮ’ ಎಂದು ವಿವರಿಸಿದಳು. ಆ ಹಿರಿಯರಿಗೆ ಅದು ಯಾವ ಅರ್ಥದಲ್ಲಿ ಕೇಳಿಸಿತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಮುಖ ಬಿಗಿಯಿತು, ಮಗನನ್ನು ಕಾರಿಡಾರಿಗೆ ಕರೆದರು, ಮಾತಿಗೆ ಮಾತು ಬೆಳೆಯಿತು. ಹಿರಿಯ ಶುಶ್ರೂಷಕಿಯೊಬ್ಬರು ಓಡಿಬಂದು ಕಾಗದದ ಮೇಲೆ ಗರ್ಭಕೋಶದ ಚಿತ್ರ ಬರೆದು ತೋರಿಸುವವರೆಗೂ ಆ ತಪ್ಪು ತಿಳಿವಳಿಕೆ ಹೋಗಲಿಲ್ಲ. ಅಷ್ಟು ಹೊತ್ತೂ ಆ ಹುಡುಗಿ ಹೊಟ್ಟೆನೋವಿನಲ್ಲಿ ಮಲಗಿಕೊಂಡೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಇಲ್ಲಿರುವ ವೈದ್ಯರು, ಅಧ್ಯಾಪಕರು, ಅನುವಾದಕರಲ್ಲಿ ನನ್ನ ಪ್ರಶ್ನೆ ಇಷ್ಟು. ‘ಎಕ್ಟೋ’ ಎಂಬುದು ನಿಜವಾಗಿ ಯಾವ ಪದಗಳಲ್ಲಿದೆ, ಯಾವ ಪದಗಳಲ್ಲಿ ಇರುವಂತೆ ಕಾಣುತ್ತದೆಯಷ್ಟೆ? ಇರುವ ಕಡೆಯಲ್ಲಿ ಅದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು?

ಸಾಗರದ ಜೀವಶಾಸ್ತ್ರ ಉಪನ್ಯಾಸಕ

ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ, ‘ಎಕ್ಟೋ’ ನಿಸ್ಸಂದೇಹವಾಗಿ ಇರುವ ಪದವೊಂದರಿಂದ ಉತ್ತರಿಸಲು ತೊಡಗುತ್ತೇನೆ. ಅದು ಎಕ್ಟೋಡರ್ಮ್. ಗ್ರೀಕಿನ ‘ಎಕ್ಟೋಸ್’ ಎಂದರೆ ಹೊರಗೆ, ‘ಡರ್ಮ’ ಎಂದರೆ ಚರ್ಮ. ಈ ಹೆಸರನ್ನು ಮೊದಲು ಕೊಟ್ಟದ್ದು ಮನುಷ್ಯನ ಅಂಗಕ್ಕಲ್ಲ, ಭ್ರೂಣಕ್ಕೂ ಅಲ್ಲ ಎಂಬುದನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಐರ್ಲೆಂಡಿನ ಜಾರ್ಜ್ ಆಲ್ಮನ್ 1853ರಲ್ಲಿ ಕಾರ್ಡಿಲೋಫೋರ ಎಂಬ, ನಮ್ಮ ಹೈಡ್ರಾಕ್ಕೆ ನಂಟನಾದ ನೀರಿನ ಜೀವಿಯನ್ನು ವಿವರಿಸುವಾಗ, ಅದರ ಮೈಯ ಹೊರಪದರಕ್ಕೆ ಎಕ್ಟೋಡರ್ಮ್ ಎಂದೂ ಒಳಪದರಕ್ಕೆ ಎಂಡೋಡರ್ಮ್ ಎಂದೂ ಹೆಸರಿಟ್ಟರು. ಎರಡೇ ಪದರಗಳ ಆ ಜೀವಿಯಲ್ಲಿ ಹೊರಗೆ ಎಂದರೆ ನೀರಿಗೆ ತಾಗುವ ಕಡೆ, ಒಳಗೆ ಎಂದರೆ ಆಹಾರ ಜೀರ್ಣವಾಗುವ ಕಡೆ. ಗೊಂದಲಕ್ಕೆ ಎಡೆಯೇ ಇರಲಿಲ್ಲ.

ಅದಕ್ಕೂ ಮೊದಲೇ, 1817ರಲ್ಲಿ, ಕ್ರಿಶ್ಚಿಯನ್ ಪಾಂಡರ್ ಕೋಳಿಮೊಟ್ಟೆಯ ಭ್ರೂಣದಲ್ಲಿ ಮೂರು ಪದರಗಳನ್ನು ಗುರುತಿಸಿದ್ದರು. 1828ರ ಹೊತ್ತಿಗೆ ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರ್ ಅದನ್ನು ಬೆನ್ನುಮೂಳೆಯ ಪ್ರಾಣಿಗಳೆಲ್ಲಕ್ಕೂ ವಿಸ್ತರಿಸಿದರು. ಲೋಳೆಮೀನಿನ ಎರಡು ಪದರಗಳಿಗೂ ಭ್ರೂಣದ ಪದರಗಳಿಗೂ ಹೋಲಿಕೆಯಿದೆಯೆಂದು ಥಾಮಸ್ ಹಕ್ಸ್‌ಲಿ 1849ರಲ್ಲಿ ತೋರಿಸಿದರು. ಆಲ್ಮನ್ ಕೊಟ್ಟ ಹೆಸರುಗಳು ಭ್ರೂಣಶಾಸ್ತ್ರಕ್ಕೆ ಒಗ್ಗಿದ್ದು ಈ ಹೋಲಿಕೆಯ ದಾರಿಯಿಂದಲೇ.

ವಿದ್ಯಾರ್ಥಿಗಳಿಗೆ ನಿಜವಾದ ಅಚ್ಚರಿ ಮುಂದಿದೆ. ಎಕ್ಟೋಡರ್ಮಿನಿಂದ ಮೇಲ್ಚರ್ಮ, ಕೂದಲು, ಉಗುರು, ಬೆವರುಗ್ರಂಥಿ ಹುಟ್ಟುತ್ತವೆ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಮಿದುಳು, ಬೆನ್ನುಹುರಿ, ಕಣ್ಣಿನ ಅಕ್ಷಿಪಟ ಕೂಡ ಅದರಿಂದಲೇ ಎಂದಾಗ ಕೈಗಳು ಮೇಲೇಳುತ್ತವೆ. ತಲೆಬುರುಡೆಯೊಳಗೆ ಅಷ್ಟು ಭದ್ರವಾಗಿ ಕುಳಿತ ಮಿದುಳು ಹೊರಪದರದ್ದು ಹೇಗಾಗುತ್ತದೆ? ಗರ್ಭದ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಮೇಲಿನ ಹೊರಪದರ ದಪ್ಪವಾಗಿ, ನಡುವೆ ತಗ್ಗಾಗಿ, ಎರಡು ಅಂಚುಗಳೂ ಎದ್ದು ಒಂದನ್ನೊಂದು ಮುಟ್ಟಿ ಕೊಳವೆಯಾಗಿ ಒಳಕ್ಕೆ ಸರಿಯುತ್ತದೆ. ನಾನು ತರಗತಿಯಲ್ಲಿ ಒಂದು ಪಂಚೆಯನ್ನು ಮೇಜಿನ ಮೇಲೆ ಹರಡಿ, ಅದರ ನಡುವೆ ಬೆರಳಿನಿಂದ ಗೀರೆಳೆದು, ಎರಡು ಮಡಿಕೆಗಳನ್ನು ಮೇಲೆ ತಂದು ಕೂಡಿಸಿ ತೋರಿಸುತ್ತೇನೆ. ಪಂಚೆಯ ಮೇಲ್ಮೈ ಆಗ ಕೊಳವೆಯ ಒಳಮೈಯಾಗಿ ಹೋಗಿರುತ್ತದೆ. ನಾಲ್ಕನೆಯ ವಾರದ ಕೊನೆಯೊಳಗೆ ಈ ಕೊಳವೆಯ ಎರಡು ತುದಿಗಳೂ ಮುಚ್ಚಬೇಕು. ಕೆಳತುದಿ ಮುಚ್ಚದಿದ್ದರೆ ಸ್ಪೈನಾ ಬಿಫಿಡಾ, ಅಂದರೆ ಬೆನ್ನುಮೂಳೆ ಪೂರ್ತಿ ಮುಚ್ಚದೆ ಉಳಿಯುವ ಹುಟ್ಟುದೋಷ, ಉಂಟಾಗುತ್ತದೆ. ಗರ್ಭಿಣಿಯೆಂದು ಎಷ್ಟೋ ಹೆಂಗಸರಿಗೆ ಗೊತ್ತಾಗುವ ಮೊದಲೇ ಇದೆಲ್ಲ ಮುಗಿದಿರುತ್ತದೆ; ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವುದು ಇದೇ ಕಾರಣದಿಂದ.

ಹೀಗಾಗಿ ಎಕ್ಟೋಡರ್ಮ್‌ನಲ್ಲಿರುವ ‘ಹೊರಗೆ’ ಎಂಬುದು ಹುಟ್ಟಿನ ಜಾಗದ ಗುರುತು, ಈಗಿನ ವಿಳಾಸದ ಗುರುತಲ್ಲ. ತವರಿನ ಹೆಸರು ಮದುವೆಯಾದ ಮೇಲೂ ಜೊತೆಗಿರುವಂತೆ.

ಹುಬ್ಬಳ್ಳಿಯ ದಂತವೈದ್ಯೆ

ಉಪನ್ಯಾಸಕರು ಹೇಳಿದ ಹುಟ್ಟಿನ ಜಾಗದ ಮಾತು ರೋಗಿಯ ಬಾಯಿಯಲ್ಲಿ ಕಣ್ಣಿಗೆ ಕಾಣುವಂತೆ ತೆರೆದುಕೊಳ್ಳುವ ಒಂದು ಕಾಯಿಲೆಯಿದೆ. ಅದನ್ನು ಇಲ್ಲಿ ಹೇಳಲೇಬೇಕೆನಿಸಿತು.

ನಮ್ಮಲ್ಲಿಗೆ ಒಬ್ಬ ತಾಯಿ ತನ್ನ ಐದು ವರ್ಷದ ಮಗನನ್ನು ಕರೆತಂದಿದ್ದರು. ಹಲ್ಲು ಬಂದಿಲ್ಲ ಎಂಬುದಷ್ಟೇ ಅವರ ದೂರು. ಬಾಯಿ ತೆರೆಸಿದರೆ ಮೇಲ್ದವಡೆಯಲ್ಲಿ ಮೊಳೆಯಂತೆ ಚೂಪಾದ ಎರಡು ಹಲ್ಲುಗಳು, ಕೆಳಗೆ ಒಸಡು ಪೂರ್ತಿ ಬೋಳು. ತಲೆಗೂದಲು ತೆಳ್ಳಗೆ, ಹುಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬೇಸಗೆಯಲ್ಲಿ ಮಗುವಿಗೆ ಏನಾಗುತ್ತದೆ ಎಂದು ಕೇಳಿದೆ. ಆ ತಾಯಿ ಬೆಚ್ಚಿ, ‘ಮೈ ಕೆಂಡದ ಹಾಗೆ ಆಗ್ತದ್ರೀ, ಒದ್ದಿ ಅರಿವಿ ಸುತ್ತಿ ಮಲಗಸ್ತೀನಿ, ನಿಮಗ ಹ್ಯಾಂಗ ಗೊತ್ತಾತು?’ ಎಂದರು. ಹಲ್ಲಿನ ಎನಾಮೆಲ್, ಕೂದಲು, ಬೆವರುಗ್ರಂಥಿ ಮೂರೂ ಎಕ್ಟೋಡರ್ಮಿನ ಮಕ್ಕಳು. ಈ ಕಾಯಿಲೆಗೆ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯ ಎನ್ನುತ್ತಾರೆ. ಆ ಮಗುವಿನದು ಬೆವರು ಕಡಿಮೆಯಿರುವ ಬಗೆ. ‘ಎಕ್ಟೋ’ ಎಂಬ ಒಂದೇ ತುಂಡು ನೆನಪಿನಲ್ಲಿದ್ದರೆ ಹಲ್ಲು ನೋಡುವ ವೈದ್ಯೆ ಬೆವರಿನ ಬಗ್ಗೆ ಕೇಳಲು ಮರೆಯುವುದಿಲ್ಲ. ಬೆವರದ ಕೂಸಿಗೆ ಬಿಸಿಲುಗಾಲದ ಜ್ವರ ಪ್ರಾಣಕ್ಕೇ ಅಪಾಯ ತರಬಲ್ಲದು.

ಈ ಕಾಯಿಲೆಯ ಹಳೆಯ ವಿವರಣೆಗಳಲ್ಲಿ ಒಂದು ನಮ್ಮ ಉಪಖಂಡದ್ದೇ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದ ಬಗ್ಗೆ ಬರೆದಿದ್ದಾರೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕು ಸಣ್ಣ ಬಾಚಿಹಲ್ಲು ಮತ್ತು ಎಂಟು ದವಡೆಹಲ್ಲು ಮಾತ್ರ ಇದ್ದವು. ಮೈಮೇಲೆ ಕೂದಲು ವಿರಳ, ಬೇಗನೆ ಬೋಳಾಗುತ್ತಿದ್ದರು, ಬೇಸಗೆಯಲ್ಲಿ ಚರ್ಮ ತೀರ ಒಣಗಿ ಕಷ್ಟಪಡುತ್ತಿದ್ದರು. ಹೆಣ್ಣುಮಕ್ಕಳಿಗೆ ಬಾರದ ಈ ತೊಂದರೆ ಅವರ ಗಂಡುಮಕ್ಕಳಿಗೆ ಬರುತ್ತದೆ, ತಂದೆಯಿಂದ ಮಗನಿಗೆ ಮಾತ್ರ ಬಾರದು ಎಂಬುದನ್ನೂ ಅವರು ದಾಖಲಿಸಿದರು. ಎಕ್ಸ್ ವರ್ಣತಂತುವಿನ ಮೂಲಕ ಸಾಗುವ ಕಾಯಿಲೆಯ ಲಕ್ಷಣವೇ ಅದು, ವರ್ಣತಂತುಗಳ ಪಾತ್ರ ತಿಳಿಯುವ ಎಷ್ಟೋ ಮೊದಲು ಬರೆದದ್ದು. ಇದಕ್ಕೆ ಕಾರಣವಾದ ಇಡಿಎ ಎಂಬ ಜೀನ್ ಗೊತ್ತಾದದ್ದು 1996ರಲ್ಲಿ.

ನಮ್ಮ ದಂತ ಪಠ್ಯದಲ್ಲಿ ಬರುವ ಇನ್ನೊಂದು ಪದವನ್ನೂ ಸೇರಿಸುತ್ತೇನೆ. ಎನಾಮೆಲ್ಲಿನ ಕೆಳಗಿನ ಡೆಂಟಿನ್ ಎಕ್ಟೋಮೆಸೆಂಕೈಮಿನಿಂದ ಬರುತ್ತದೆ. ಹೊರಪದರದಲ್ಲಿ ಹುಟ್ಟಿ, ನಡುಪದರದ ಕೋಶಗಳ ಹಾಗೆ ಅಲೆದಾಡಿ ಬಂದ ಕೋಶಗಳ ಗುಂಪದು.

ಮೈಸೂರಿನ ನಿವೃತ್ತ ವೈದ್ಯ

ಮೊದಲ ಬರಹದ ಎರಡೂ ಘಟನೆಗಳಿಗೆ ಕಾರಣ ಒಂದೇ. ಪದವನ್ನು ತಪ್ಪಾದ ಕಡೆ ಕತ್ತರಿಸಿದ್ದೇವೆ.

ಎಕ್ಟೋಪಿಕ್ ಎಂಬುದು ‘ಎಕ್ಟೋ’ ಮತ್ತು ‘ಪಿಕ್’ ಅಲ್ಲ. ಅದು ‘ಎಕ್’ ಮತ್ತು ‘ಟೋಪೋಸ್’. ಟೋಪೋಸ್ ಎಂದರೆ ಜಾಗ. ನಕ್ಷೆ ತಯಾರಿಸುವವರು ಹೇಳುವ ಟೊಪಾಗ್ರಫಿಯಲ್ಲಿ ಇರುವುದೂ ಅದೇ. ‘ಎಕ್’ ಎಂದರೆ ಒಂದರಿಂದ ಹೊರಕ್ಕೆ, ಆಚೆಗೆ. ಎರಡೂ ಸೇರಿ ‘ಜಾಗ ತಪ್ಪಿದ’ ಎಂಬ ಅರ್ಥ. ಎಕ್ಟೋಪಿಕ್ ಬಡಿತ ಹೃದಯದೊಳಗೇ ಹುಟ್ಟುತ್ತದೆ, ಆದರೆ ಹುಟ್ಟಬೇಕಾದ ಸೈನಸ್ ಗಂಟಿನಲ್ಲಿ ಹುಟ್ಟದೆ ಬೇರೊಂದು ಕಡೆ ಹುಟ್ಟುತ್ತದೆ. ಎಕ್ಟೋಪಿಯ ಲೆಂಟಿಸ್‌ನಲ್ಲಿ ಕಣ್ಣಿನ ಮಸೂರ ಕಣ್ಣಿನೊಳಗೇ ಪಕ್ಕಕ್ಕೆ ಸರಿದಿರುತ್ತದೆ; ದೇಹದ ಸಂಯೋಜಕ ಅಂಗಾಂಶ ದುರ್ಬಲವಾಗಿರುವ ಮಾರ್ಫಾನ್ ಸಿಂಡ್ರೋಮ್ ಎಂಬ ಹುಟ್ಟುಕಾಯಿಲೆ ಇರುವವರಲ್ಲಿ ಇದನ್ನು ನಾವು ಹುಡುಕಿ ನೋಡುತ್ತೇವೆ. ಇವೆರಡರಲ್ಲೂ ‘ಹೊರಗೆ’ ಎಂಬ ಅರ್ಥ ಕೂಡಿಬರುವುದೇ ಇಲ್ಲ. ಎದೆಗೂಡಿನ ಹೊರಗೆ ಹೃದಯವಿರುವ ಎಕ್ಟೋಪಿಯ ಕಾರ್ಡಿಸ್ ಎಂಬ ಅಪರೂಪದ ಸ್ಥಿತಿಯಲ್ಲಿ ಆಕಸ್ಮಿಕವಾಗಿ ಎರಡು ಅರ್ಥವೂ ಹೊಂದುವುದರಿಂದ ಗೊಂದಲ ಇನ್ನಷ್ಟು ಬಲವಾಗಿದೆ.

ಎಕ್ಟೋಪಿಕ್ ಗರ್ಭಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಂಡನಾಳದಲ್ಲಿ ನಿಲ್ಲುವುದರಿಂದ ‘ಗರ್ಭಕೋಶದ ಹೊರಗಿನ ಗರ್ಭ’ ಎಂಬ ವಿವರಣೆ ರೂಢಿಗೆ ಬಂದಿದೆ. ಆದರೆ ಗರ್ಭಕೊರಳಿನಲ್ಲಿ ನಿಂತದ್ದೂ ಎಕ್ಟೋಪಿಕ್, ಹಿಂದಿನ ಸಿಸೇರಿಯನ್ ಗಾಯದ ಕಲೆಯಲ್ಲಿ ನಿಂತದ್ದೂ ಎಕ್ಟೋಪಿಕ್. ಕೊರಳೂ ಆ ಕಲೆಯೂ ಗರ್ಭಕೋಶದ ಭಾಗಗಳೇ. ಹೀಗಾಗಿ ಆ ವಿವರಣೆ ವಾರ್ಡಿನಲ್ಲಿ ಮನಸ್ಸು ನೋಯಿಸಿದ್ದಷ್ಟೇ ಅಲ್ಲ, ವೈದ್ಯಕೀಯವಾಗಿಯೂ ಅಪೂರ್ಣ. ‘ಜಾಗ ತಪ್ಪಿದ ಬಸಿರು’ ಎಂದರೆ ಗ್ರೀಕಿನ ಮೂಲಾರ್ಥಕ್ಕೂ ನಿಜ, ಅಂಗರಚನೆಗೂ ನಿಜ, ಕೇಳುವವರಿಗೂ ಬೇರೆ ಅರ್ಥ ಬರದು. 1883ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಲಾಸನ್ ಟೇಟ್ ಒಡೆದ ಅಂಡನಾಳವನ್ನು ತೆಗೆದುಹಾಕಿ ಇಂಥ ತಾಯಿಯ ಜೀವ ಉಳಿಸಿ ತೋರಿಸುವವರೆಗೂ ನಾಳ ಒಡೆಯಿತೆಂದರೆ ಬಹುಮಟ್ಟಿಗೆ ಸಾವು ಎಂದೇ ಅರ್ಥವಿತ್ತು. ಅಂಥ ಗಳಿಗೆಯಲ್ಲಿ ಮನೆಯವರಿಗೆ ಹೇಳುವ ಮಾತು ಖಚಿತವಾಗಿರಬೇಕು.

ಇದೇ ‘ಎಕ್’ ಇರುವ ಇನ್ನೂ ಕೆಲವು ಪದಗಳು ನಿಮ್ಮ ಮಕ್ಕಳಿಗೆ ಬೇಕಾಗುತ್ತವೆ. ಶಸ್ತ್ರಚಿಕಿತ್ಸೆಗಳ ಹೆಸರಿನ ಕೊನೆಗೆ ಬರುವ ‘ಎಕ್ಟಮಿ’ಯನ್ನು ‘ಎಕ್’ ಮತ್ತು ‘ಟೊಮೆ’ ಎಂದು ಬಿಡಿಸಬೇಕು, ಕತ್ತರಿಸಿ ಹೊರತೆಗೆಯುವುದು ಎಂದರ್ಥ. ‘ಎಕ್’ ಇಲ್ಲದ ಬರಿಯ ‘ಟಮಿ’ ಎಂದರೆ ಕೊಯ್ದು ತೆರೆಯುವುದಷ್ಟೆ. ‘ಸ್ಟಮಿ’ಯಲ್ಲಿ ಇರುವುದು ಬಾಯಿ ಎಂಬರ್ಥದ ‘ಸ್ಟೋಮ’. ದೊಡ್ಡಕರುಳಿನ ವಿಷಯದಲ್ಲಿ ಕೊಲೆಕ್ಟಮಿ, ಕೊಲಾಟಮಿ, ಕೊಲಾಸ್ಟಮಿ ಎಂಬ ಮೂರು ಪದಗಳ ನಡುವೆ ಒಂದೆರಡು ಅಕ್ಷರಗಳ ವ್ಯತ್ಯಾಸವಿದ್ದರೂ, ರೋಗಿಯ ಪಾಲಿಗೆ ಒಂದರಲ್ಲಿ ಕರುಳು ಹೋಗುತ್ತದೆ, ಒಂದರಲ್ಲಿ ಉಳಿಯುತ್ತದೆ, ಇನ್ನೊಂದರಲ್ಲಿ ಹೊಟ್ಟೆಯ ಮೇಲೆ ಬಾಯಿ ತೆರೆಯುತ್ತದೆ. ಎಕ್ಸಿಮಾ ಎಂಬುದು ‘ಎಕ್’ ಮತ್ತು ಕುದಿಯುವುದು ಎಂಬ ಕ್ರಿಯಾಪದದಿಂದ ಬಂದದ್ದು, ಕುದಿದು ಉಕ್ಕಿದ್ದು ಎಂದರ್ಥ. ಗುಳ್ಳೆಯೆದ್ದು ನೀರೊಸರುವ ಎಕ್ಸಿಮಾ ನೋಡಿದವರಿಗೆ ಆ ಹೆಸರಿಟ್ಟವರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತೆಂಬುದು ತಿಳಿಯುತ್ತದೆ. ರೆಪ್ಪೆ ಹೊರಮಗ್ಗುಲಿಗೆ ಮಗುಚಿದರೆ ಎಕ್ಟ್ರೋಪಿಯನ್, ಒಳಮಗ್ಗುಲಿಗೆ ಮಗುಚಿದರೆ ಎಂಟ್ರೋಪಿಯನ್.

ಧಾರವಾಡದ ವಿಜ್ಞಾನ ಅನುವಾದಕ

ಡಾಕ್ಟರರು ಹೇಳಿದ ವ್ಯತ್ಯಾಸವನ್ನು ಕನ್ನಡ ಬಲು ಸಲೀಸಾಗಿ ಹಿಡಿಯುತ್ತದೆ. ‘ಎಕ್’ ಎಂದರೆ ಹೊರಕ್ಕೆ, ‘ಎಕ್ಟೋಸ್’ ಎಂದರೆ ಹೊರಗೆ. ಒಂದರಲ್ಲಿ ಚಲನೆಯಿದೆ, ಇನ್ನೊಂದರಲ್ಲಿ ನೆಲೆಯಿದೆ. ಬಾಗಿಲಿನ ಹೊರಕ್ಕೆ ಹೋದನು, ಬಾಗಿಲಿನ ಹೊರಗೆ ನಿಂತನು ಎನ್ನುವಾಗ ನಾವು ಯೋಚಿಸದೆಯೇ ಮಾಡುವ ವ್ಯತ್ಯಾಸವಿದು. ಗ್ರೀಕಿನಲ್ಲಿಯೂ ‘ಎಕ್ಟೋಸ್’ ಹುಟ್ಟಿದ್ದು ‘ಎಕ್’ ಎಂಬುದರಿಂದಲೇ, ಆದ್ದರಿಂದ ನಿಮ್ಮ ವಿದ್ಯಾರ್ಥಿನಿ ಮಾಡಿದ ತಪ್ಪು ಎರಡು ಒಡಹುಟ್ಟುಗಳ ನಡುವಿನ ಗುರುತು ತಪ್ಪಿದಂತೆ.

‘ಎಕ್’ ಸ್ವರದ ಮುಂದೆ ಬಂದಾಗ ‘ಎಕ್ಸ್’ ಆಗುತ್ತದೆ. ಥೈರಾಯ್ಡ್ ಹೆಚ್ಚಾದವರಲ್ಲಿ ಕಾಣುವ ಎಕ್ಸಾಫ್ತಾಲ್ಮಸ್, ಅಂದರೆ ಕಣ್ಣುಗುಡ್ಡೆ ಮುಂದಕ್ಕೆ ಚಾಚುವುದು, ‘ಎಕ್ಸ್’ ಮತ್ತು ‘ಆಫ್ತಾಲ್ಮೋಸ್’ ಎಂದು ಬಿಡಬೇಕೇ ಹೊರತು ‘ಎಕ್ಸೋ’ ಎಂದು ಅಲ್ಲ. ಅತ್ತ ಎಕ್ಸೋಕ್ರೈನ್‌ನಲ್ಲಿ ಇರುವುದು ನಿಜವಾದ ‘ಎಕ್ಸೋ’, ಅದೂ ಹೊರಗೆ ಎಂಬ ಅರ್ಥದ ಗ್ರೀಕ್ ಪದವೇ.

ಎಕ್ಸೋಕ್ರೈನ್ ಗ್ರಂಥಿಯನ್ನು ನಮ್ಮ ಪಠ್ಯಗಳು ಬಹಿಃಸ್ರಾವಕ ಗ್ರಂಥಿ ಎನ್ನುತ್ತವೆ. ಅನುವಾದ ಮಾಡುವಾಗ ನನಗೆ ತುಂಬ ದಿನ ಕಾಡಿದ ಪ್ರಶ್ನೆ ಇಲ್ಲಿತ್ತು. ಮೇದೋಜೀರಕ ಗ್ರಂಥಿ ತನ್ನ ಜೀರ್ಣರಸವನ್ನು ಸಣ್ಣಕರುಳಿಗೆ ಸುರಿಸುತ್ತದೆ. ಕರುಳು ಹೊಟ್ಟೆಯ ಒಳಗಿದೆ. ಹಾಗಿದ್ದರೆ ‘ಬಹಿಃ’ ಎಲ್ಲಿಂದ ಬಂತು? ಕೊನೆಗೆ ಅದು ಹೊಳೆದದ್ದು ಉದ್ದಿನ ವಡೆ ತಿನ್ನುವಾಗ. ವಡೆಯ ನಡುವಿನ ತೂತು ವಡೆಯ ಒಳಗಿದೆಯೇ? ತೂತಿನಲ್ಲಿ ಬೆರಳು ತೂರಿಸಿದರೆ ಬೆರಳು ವಡೆಯ ಹಿಟ್ಟಿನೊಳಕ್ಕೆ ಹೋಗುವುದಿಲ್ಲ, ಗಾಳಿಯಲ್ಲೇ ಇರುತ್ತದೆ. ಬಾಯಿಯಿಂದ ಗುದದವರೆಗಿನ ದಾರಿಯೂ ಅಂಥ ತೂತು. ನುಂಗಿದ ತುತ್ತು ಕರುಳಿನ ಗೋಡೆಯನ್ನು ದಾಟಿ ರಕ್ತ ಸೇರುವವರೆಗೆ ದೇಹದ ಹೊರಗೇ ಇದೆ. ‘ಯಾವುದರ ಹೊರಗೆ?’ ಎಂದು ಕೇಳಿಕೊಳ್ಳದೆ ಈ ಪದ ಬಿಡಿಸಿಕೊಳ್ಳದು. ಎಂಡೋಕ್ರೈನ್‌ಗೆ ನಮ್ಮ ಹಿರಿಯರು ನಿರ್ನಾಳ ಗ್ರಂಥಿ ಎಂದು ಬೇರೆಯೇ ದಾರಿ ಹಿಡಿದರು. ಒಳಗೆ ಹೊರಗೆ ಎಂಬ ಗೋಜಿಲ್ಲದೆ, ನಾಳವಿಲ್ಲ ಎಂಬ ಕಣ್ಣಿಗೆ ಕಾಣುವ ಗುಣವನ್ನು ಹಿಡಿದ ಆ ಪದವನ್ನು ನಾನು ತುಂಬ ಮೆಚ್ಚುತ್ತೇನೆ.

ಇನ್ನು ‘ಎಕ್ಟೋ’ಗೆ ಕನ್ನಡದಲ್ಲಿ ಏನು ಬಳಸಬೇಕೆಂಬ ಪ್ರಶ್ನೆ. ನಮ್ಮಲ್ಲಿ ಬಾಹ್ಯ, ಬಹಿಃ, ಹೊರ ಎಂಬ ಮೂರೂ ಚಲಾವಣೆಯಲ್ಲಿವೆ. ‘ಹೊರ’ ಎಂಬುದು ಹಳಗನ್ನಡದ ‘ಪೊಱ’ ಎಂಬುದರ ಇಂದಿನ ರೂಪ, ಮಗುವಿಗೂ ಗೊತ್ತಿರುವ ಮಾತು. ಸಂಸ್ಕೃತ ಪದದ ಹಿಂದೆ ಅದನ್ನು ಇಟ್ಟರೆ ಅರಿಸಮಾಸವಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಹೊರಪದರ, ಹೊರಚಿಪ್ಪು, ಹೊರಗೂಡು ಎನ್ನುವಾಗ ಆ ತೊಡಕೂ ಇಲ್ಲ. ಎಕ್ಟೋಡರ್ಮ್‌ಗೆ ಭ್ರೂಣದ ಹೊರಪದರ ಎನ್ನಲು ನಾನು ಯಾವತ್ತೂ ಹಿಂಜರಿದಿಲ್ಲ.

ದಾವಣಗೆರೆಯ ಶುಶ್ರೂಷಾ ಶಿಕ್ಷಕಿ

ವಡೆಯ ಹೋಲಿಕೆಯನ್ನು ನಾಳೆಯೇ ತರಗತಿಗೆ ಒಯ್ಯುತ್ತೇನೆ. ಒಂದು ಸಂದೇಹ ಉಳಿದಿದೆ. ಎಪಿಡರ್ಮಿಸ್ ಕೂಡ ಹೊರಚರ್ಮವೇ ಅಲ್ಲವೇ? ಮಕ್ಕಳು ಅದನ್ನೂ ಎಕ್ಟೋಡರ್ಮನ್ನೂ ಒಂದೇ ಎಂದು ಬರೆಯುತ್ತಾರೆ.

ಸಾಗರದ ಜೀವಶಾಸ್ತ್ರ ಉಪನ್ಯಾಸಕ

‘ಎಪಿ’ ಎಂದರೆ ಮೇಲೆ. ಮೇಜಿನ ಮೇಲೆ ಬಟ್ಟೆಯಿದ್ದಂತೆ, ಡರ್ಮಿಸ್ಸಿನ ಮೇಲೆ ಎಪಿಡರ್ಮಿಸ್. ಎಕ್ಟೋಡರ್ಮ್ ಭ್ರೂಣದಲ್ಲಿ ಇರುವ ಪದರ, ಎಪಿಡರ್ಮಿಸ್ ಅದರಿಂದ ಬೆಳೆದ ಹಲವು ಅಂಗಾಂಶಗಳಲ್ಲಿ ಒಂದು. ಆದ್ದರಿಂದ ಎಪಿಡರ್ಮಿಸ್‌ಗೆ ಮೇಲ್ಚರ್ಮ ಎಂಬುದನ್ನೇ ಉಳಿಸಿಕೊಂಡು, ‘ಹೊರ’ ಎಂಬುದನ್ನು ಎಕ್ಟೋಡರ್ಮ್‌ಗೆ ಮೀಸಲಿಟ್ಟರೆ ಒಳ್ಳೆಯದು.

ವ್ಯಾಯಾಮಶಾಲೆಗೆ ಹೋಗುವ ಹುಡುಗರು ತೆಳ್ಳಗಿನವರನ್ನು ಎಕ್ಟೋಮಾರ್ಫ್ ಎಂದು ಕರೆಯುವುದು ನಿಮ್ಮ ಕಿವಿಗೂ ಬಿದ್ದಿರಬಹುದು. ವಿಲಿಯಂ ಷೆಲ್ಡನ್ 1940ರಲ್ಲಿ ಮೈಕಟ್ಟುಗಳಿಗೆ ಭ್ರೂಣಪದರಗಳ ಹೆಸರು ಕೊಟ್ಟು, ಮೈಕಟ್ಟಿಗೂ ಸ್ವಭಾವಕ್ಕೂ ಗಂಟು ಹಾಕಿದ್ದರು. ಆ ವಾದವನ್ನು ವಿಜ್ಞಾನ ಒಪ್ಪಿಲ್ಲ. ತೆಳ್ಳಗಿರುವವನಲ್ಲಿ ಎಕ್ಟೋಡರ್ಮ್ ಹೆಚ್ಚಿಗೆ ಕೆಲಸ ಮಾಡಿರುವುದಿಲ್ಲ.

ತೀರ್ಥಹಳ್ಳಿ ಕಡೆಯ ಪಶುವೈದ್ಯ

ನಮ್ಮ ಕೆಲಸದಲ್ಲಿ ‘ಎಕ್ಟೋ’ ಎಂದರೆ ಮೊದಲು ನೆನಪಾಗುವುದು ಎಕ್ಟೋಪ್ಯಾರಸೈಟ್, ಹೊರಪರಾವಲಂಬಿ. ಹೇನು, ಚಿಗಟ, ನುಸಿ, ಉಣುಗು ಎಲ್ಲವೂ ಈ ಗುಂಪಿನವು. ಕೊಟ್ಟಿಗೆಯಲ್ಲಿ ಹಸುವಿನ ಕಿವಿಯ ಬುಡವನ್ನೋ ಕೆಚ್ಚಲಿನ ಸಂದನ್ನೋ ಬೆರಳಿನಿಂದ ತಡವಿದರೆ ಹರಳಿನ ಬೀಜದಂತೆ ಉಬ್ಬಿದ ಉಣುಗು ಸಿಗುತ್ತದೆ. ಅದರ ಮೈ ಪೂರ್ತಿ ಹೊರಗಿದೆ. ಬಾಯಿ ಮಾತ್ರ ಚರ್ಮದೊಳಗೆ. ಮುಳ್ಳುಗಳಿರುವ ಆ ಬಾಯಿಯ ಭಾಗ ಚರ್ಮದಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುವುದರಿಂದಲೇ ಎಳೆದರೆ ಸುಲಭಕ್ಕೆ ಬರುವುದಿಲ್ಲ.

ಈ ಹೊರಗಿನ ಜೀವಿ ಒಳಕ್ಕೆ ಏನನ್ನು ದಾಟಿಸುತ್ತದೆ ಎಂಬುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹತ್ತಿರದ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ ಗುರುತಿಸಿದ ವೈರಸ್ ಇಂದಿಗೂ ಪ್ರತಿ ಬೇಸಗೆಯಲ್ಲಿ ನಮ್ಮನ್ನು ಕಾಡುತ್ತಿದೆ. ಅದನ್ನು ಹರಡುವುದು ಮುಖ್ಯವಾಗಿ ಹಿಮಾಫಿಸಾಲಿಸ್ ಸ್ಪಿನಿಜೆರ ಎಂಬ ಉಣುಗು, ಅದರಲ್ಲೂ ಗಸಗಸೆಯ ಕಾಳಿನಷ್ಟು ಸಣ್ಣದಾದ ಮರಿ. ಮಂಗನ ಕಾಯಿಲೆ ಎಂಬ ಹೆಸರು ಮಂಗನ ತಲೆಗೆ ತಪ್ಪು ಹೊರಿಸಿಬಿಟ್ಟಿತು. ಮಂಗವೂ ನಮ್ಮಂತೆ ಕಚ್ಚಿಸಿಕೊಂಡು ಸಾಯುವ ಜೀವಿ. ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರು ಮೈಗೆ ತೈಲ ಹಚ್ಚಿಕೊಂಡು, ಬಂದ ತಕ್ಷಣ ಬಟ್ಟೆ ಕಳಚಿ ಬಿಸಿನೀರಿನಲ್ಲಿ ಮಿಂದು, ಮೈಯೆಲ್ಲ ತಡವಿ ನೋಡಬೇಕು ಎಂದು ನಾವು ಮನೆಮನೆಗೂ ಹೇಳುತ್ತೇವೆ. ಅದು ಇನ್ನೂ ಹೊರಗಿರುವಾಗಲೇ ಕಿತ್ತು ಹಾಕಲು ಸಿಗುವ ಅವಕಾಶ ಅದೊಂದೇ.

ಉಣುಗು ಜಾನುವಾರಿನ ಜ್ವರವನ್ನು ಹರಡುತ್ತದೆಂದು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ತೋರಿಸಿದರು. ಅವರು ಅಧ್ಯಯನ ಮಾಡಿದ ಬಬೇಸಿಯ ಕೆಂಪು ರಕ್ತಕಣದೊಳಗೆ ಬಾಳುವ ಒಳಪರಾವಲಂಬಿ. ಹೊರಪರಾವಲಂಬಿಯ ಬೆನ್ನೇರಿ ಒಳಪರಾವಲಂಬಿ ಬರುತ್ತದೆ. ನಮ್ಮ ಔಷಧದ ಕಪಾಟಿನಲ್ಲಿ ಇದಕ್ಕೊಂದು ಸೊಗಸಾದ ಪದವಿದೆ. ಐವರ್‌ಮೆಕ್ಟಿನ್ ಹೊಟ್ಟೆಯ ದುಂಡುಹುಳುಗಳನ್ನೂ ಚರ್ಮದ ನುಸಿಯನ್ನೂ ಕೊಲ್ಲುವುದರಿಂದ ಅದನ್ನು ಎಂಡೆಕ್ಟೋಸೈಡ್ ಎನ್ನುತ್ತೇವೆ. ‘ಎಂಡೋ’ ಮತ್ತು ‘ಎಕ್ಟೋ’ ಒಂದೇ ಪದದಲ್ಲಿ ಕೈಕೈ ಹಿಡಿದಿವೆ.

ಕಜ್ಜಿಯ ನುಸಿಯ ಬಗ್ಗೆ ಒಂದು ಮಾತು. ಅದು ಮೇಲ್ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುತ್ತದೆ, ಆದರೂ ಅದನ್ನು ಹೊರಪರಾವಲಂಬಿಯೆಂದೇ ಎಣಿಸುತ್ತೇವೆ. ಬಿಲವಿರುವುದು ಮೇಲ್ಚರ್ಮದ ಸತ್ತ ಕೋಶಗಳ ಪದರದಲ್ಲಿ, ಜೀವಂತ ಮೈಯ ಗಡಿಯಲ್ಲಿ.

ಶಿರಸಿಯ ಅರಣ್ಯ ಸಂಶೋಧಕಿ

ಗಡಿಯ ಮಾತು ಬಂದದ್ದರಿಂದ ಬೇರಿನ ವಿಷಯ ಸೇರಿಸುತ್ತೇನೆ. ಎಕ್ಟೋಮೈಕೋರೈಜ ಎಂದರೆ ಶಿಲೀಂಧ್ರವು ಎಳೆಬೇರಿನ ತುದಿಗೆ ಕವಚದಂತೆ ಹೊದ್ದುಕೊಂಡು ಮರದೊಡನೆ ಕೊಡುಕೊಳ್ಳುವಿಕೆಯಲ್ಲಿ ಬಾಳುವುದು. ಪಶ್ಚಿಮ ಘಟ್ಟದ ಧೂಪದ ಮರದ ಬೇರಿನಲ್ಲಿ ಇದನ್ನು ಕಾಣಬಹುದು, ನೆಡುತೋಪಿನ ನೀಲಗಿರಿಯಲ್ಲಿಯೂ ಕಾಣಬಹುದು. ಹೆಸರು ಕೇಳಿದವರು ಶಿಲೀಂಧ್ರ ಬೇರಿನ ಹೊರಗಷ್ಟೇ ಇದೆಯೆಂದು ತಿಳಿಯುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಬೇರಿನ ತೆಳುವಾದ ಸೀಳನ್ನು ಇಟ್ಟು ನೋಡಿದರೆ, ಅದರ ಎಳೆಗಳು ಬೇರಿನೊಳಕ್ಕೂ ನುಗ್ಗಿ ಕೋಶಕೋಶಗಳ ನಡುವಿನ ಸಂದುಗಳಲ್ಲಿ ಬಲೆ ನೇಯ್ದಿರುತ್ತವೆ. ಅದಕ್ಕೆ ಹಾರ್ಟಿಗ್ ಬಲೆ ಎಂದು ಹೆಸರು. ಯಾವ ಕೋಶದ ಗೋಡೆಯನ್ನೂ ಅದು ಒಡೆದು ಒಳಹೊಗುವುದಿಲ್ಲ. ಇಲ್ಲಿ ‘ಹೊರಗೆ’ ಎಂದರೆ ಕೋಶದ ಹೊರಗೆ. ಅಡಿಕೆ, ಕಾಫಿ ಗಿಡಗಳ ಬೇರಿನ ಶಿಲೀಂಧ್ರ ಕೋಶದ ಗೋಡೆಯನ್ನು ದಾಟುವುದರಿಂದ ಅದನ್ನು ಎಂಡೋ ಗುಂಪಿಗೆ ಸೇರಿಸುತ್ತಾರೆ.

ಬೆಂಗಳೂರಿನ ಸೂಕ್ಷ್ಮಜೀವಿಶಾಸ್ತ್ರ ವಿದ್ಯಾರ್ಥಿ

ಹಿರಿಯರ ಮಾತುಗಳಿಂದ ನನಗೆ ಬಹಳ ಉಪಕಾರವಾಯಿತು. ನಮ್ಮ ಪಠ್ಯದಲ್ಲಿ ನಾನು ಎಡವಿದ ಎರಡು ಪದಗಳನ್ನು ಇಲ್ಲಿ ಇಡುತ್ತೇನೆ, ಇತರರಿಗೂ ನೆರವಾಗಬಹುದು.

ಒಂದು, ಎಂಡೋಟಾಕ್ಸಿನ್. ಧನುರ್ವಾಯು, ಗಂಟಲಮಾರಿಯ ಬ್ಯಾಕ್ಟೀರಿಯಾಗಳು ತಯಾರಿಸಿ ಹೊರಸೂಸುವ ವಿಷ ಎಕ್ಸೋಟಾಕ್ಸಿನ್ ಎಂಬುದು ಸುಲಭ. 1892ರಲ್ಲಿ ರಿಚರ್ಡ್ ಫೈಫರ್ ಕಾಲರಾ ಬ್ಯಾಕ್ಟೀರಿಯಾ ಸತ್ತು ಒಡೆದಾಗ ಬಿಡುಗಡೆಯಾಗುವ ವಿಷವನ್ನು ಕಂಡು, ಅದು ಕೋಶದೊಳಗೆ ಅಡಗಿದ್ದಿರಬೇಕೆಂದು ಭಾವಿಸಿದರು. ಎಂಡೋಟಾಕ್ಸಿನ್ ಎಂಬ ಹೆಸರು ಆ ಭಾವನೆಯಿಂದ ಬಂದದ್ದು. ಈಗ ತಿಳಿದಿರುವಂತೆ ಆ ವಿಷ, ಅಂದರೆ ಕೊಬ್ಬು ಮತ್ತು ಸಕ್ಕರೆ ಕೂಡಿದ ಲಿಪೋಪಾಲಿಸ್ಯಾಕರೈಡ್ ಎಂಬ ಅಣು, ಇರುವುದು ಗ್ರಾಂ ಋಣ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ, ಅದೂ ಅದರ ಹೊರಮೈಯಲ್ಲಿ. ಒಳಗಿನದು ಎಂಬ ಹೆಸರು ಹೊತ್ತದ್ದು ಎಲ್ಲಕ್ಕಿಂತ ಹೊರಗೆ ಇದೆ.

ಇನ್ನೊಂದು, ಎಕ್ಸಾನ್. ಇದರಲ್ಲಿ ‘ಎಕ್ಸೋ’ ಇದೆಯೆಂದು ತಿಳಿದು, ಜೀನಿನಿಂದ ಹೊರಗೆ ಹೋಗುವ ಭಾಗವೆಂದು ಬಹಳ ದಿನ ನಂಬಿದ್ದೆ. ವಾಲ್ಟರ್ ಗಿಲ್ಬರ್ಟ್ 1978ರಲ್ಲಿ ಈ ಪದ ಕಟ್ಟಿದ್ದು ಅಭಿವ್ಯಕ್ತಗೊಳ್ಳುವ ಪ್ರದೇಶ ಎಂಬ ಅರ್ಥದ ಇಂಗ್ಲಿಷ್ ಪದಗಳಿಂದ. ಜೀನಿನ ಆರ್‌ಎನ್‌ಎ ಪ್ರತಿಯಿಂದ ಕತ್ತರಿಸಿ ಹೊರಹೋಗುವುದು ಇಂಟ್ರಾನ್, ಉಳಿದು ಸೇರುವುದು ಎಕ್ಸಾನ್. ನಾನು ನಂಬಿದ್ದಕ್ಕೆ ನೇರ ತಿರುವುಮುರುವು.

ದಾವಣಗೆರೆಯ ಶುಶ್ರೂಷಾ ಶಿಕ್ಷಕಿ

ಇಷ್ಟೆಲ್ಲ ಶ್ರಮವಹಿಸಿ ಬರೆದವರಿಗೆ ನಾನು ಋಣಿ. ನಿನ್ನೆ ತರಗತಿಯ ಹಲಗೆಯ ಮೇಲೆ ‘ಹೊರಗೆ’, ‘ಹೊರಕ್ಕೆ’ ಎಂದು ಎರಡು ಕಲಮು ಮಾಡಿ, ಇಪ್ಪತ್ತು ಪದಗಳನ್ನು ಚೀಟಿಗಳಲ್ಲಿ ಬರೆದು ಮಕ್ಕಳ ಕೈಗೆ ಕೊಟ್ಟೆ. ಮೊದಲ ಕಲಮಿಗೆ ಬರುವ ಪ್ರತಿ ಚೀಟಿಯ ಜೊತೆಗೆ ‘ಯಾವುದರ ಹೊರಗೆ?’ ಎಂಬುದಕ್ಕೂ ಉತ್ತರ ಹೇಳಬೇಕೆಂದು ನಿಯಮ ಮಾಡಿದೆ. ಎಕ್ಟೋಪಿಕ್ ಚೀಟಿ ಹಿಡಿದ ಹುಡುಗ ಎರಡು ಕಲಮುಗಳ ನಡುವೆ ಬಹಳ ಹೊತ್ತು ನಿಂತು, ಕೊನೆಗೆ ‘ಎಕ್’ ಎಂದಿರುವ ಕಡೆ ಪೆನ್ಸಿ‌ಲಿನಿಂದ ಗೆರೆಯೆಳೆದು ಎರಡನೆಯದಕ್ಕೆ ಅಂಟಿಸಿದ. ಎಕ್ಸಾನ್ ಚೀಟಿಯನ್ನು ಯಾವ ಕಲಮಿಗೂ ಹಚ್ಚದೆ ಹಲಗೆಯ ಅಂಚಿನಲ್ಲಿ ಇಟ್ಟೆವು.

ಕಿರುಪರೀಕ್ಷೆಯಲ್ಲಿ ತಪ್ಪು ಬರೆದ ವಿದ್ಯಾರ್ಥಿನಿಗೆ ಅರ್ಧ ಅಂಕ ಕೊಟ್ಟು, ತಪ್ಪಿನಲ್ಲಿ ನನ್ನ ಪಾಲೂ ಇದೆಯೆಂದು ಹೇಳಿದೆ. ವಾರ್ಡಿನಲ್ಲಿ ಆ ಮಾತಾಡಿದ ಹುಡುಗಿ ಈಗ ತನ್ನ ಕಿಸೆಯ ಪುಸ್ತಕದಲ್ಲಿ ‘ಜಾಗ ತಪ್ಪಿದ ಬಸಿರು’ ಎಂದು ಬರೆದುಕೊಂಡಿದ್ದಾಳೆ. ಅದರ ಕೆಳಗೆ ಆ ಹಿರಿಯ ಶುಶ್ರೂಷಕಿ ಬರೆದು ತೋರಿಸಿದ ಗರ್ಭಕೋಶದ ಚಿತ್ರವನ್ನೂ ನಕಲು ಮಾಡಿಕೊಂಡು, ಅಂಡನಾಳದ ಮೇಲೆ ಒಂದು ಚುಕ್ಕೆಯಿಟ್ಟಿದ್ದಾಳೆ. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಆ ಹೆಣ್ಣುಮಗಳು ಹೊಲಿಗೆ ಬಿಚ್ಚಿಸಿಕೊಳ್ಳಲು ಬರುವಾಗ ಅತ್ತೆಯೂ ಜೊತೆಯಲ್ಲಿ ಬರುತ್ತಾರಂತೆ. ಆ ಚಿತ್ರವನ್ನು ಅವರಿಗೆ ತಾನೇ ಇನ್ನೊಮ್ಮೆ ತೋರಿಸಬೇಕೆಂದು ಈಕೆ ಅಪ್ಪಣೆ ಕೇಳಿದ್ದಾಳೆ.